ಆರನೆಯ ತರಗತಿಯ ಐಚ್ಛಿಕ ಭಾಷೆ: ಆಯ್ಕೆ ಯಾರದು?

ಮಾರ್ಚ್ ತಿಂಗಳು ಬಂದಿತೆಂದರೆ ಕ್ರೋಂಪೇಟೆಯ ನಮ್ಮ ವಸತಿ ಸಮುಚ್ಚಯದಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಐದನೆಯ ತರಗತಿ ಮುಗಿಸಿದ ಮಕ್ಕಳ ಕೈಯಲ್ಲಿ ಶಾಲೆಯವರು ಒಂದು ಹಾಳೆ ಕೊಟ್ಟು ಕಳುಹಿಸುತ್ತಾರೆ. ಆರನೆಯ ತರಗತಿಯಿಂದ ಮಗು ಯಾವ ಯಾವ ಭಾಷೆಗಳನ್ನು ಓದಬೇಕೆಂಬುದನ್ನು ತಂದೆತಾಯಿಗಳು ಅದರಲ್ಲಿ ಗುರುತು ಮಾಡಿ, ಸಹಿ ಹಾಕಿ, ವಾರದೊಳಗೆ ಹಿಂದಿರುಗಿಸಬೇಕು. ಕಳೆದ ಮಾರ್ಚ್‌ನಲ್ಲಿ ಕೆಳಗಿನ ಮನೆಯ ಕನ್ನಡ ಮಹಿಳೆಯೊಬ್ಬರು ಈ ಹಾಳೆ ಹಿಡಿದು ನಮ್ಮಲ್ಲಿಗೆ ಬಂದರು. ಹಾಸನದ ಕಡೆಯವರು, ಚೆನ್ನೈಗೆ ಬಂದು ಮೂರು ವರ್ಷವಾಗಿದೆ. ತಮಿಳು ಹೇಗೂ ಕಡ್ಡಾಯ. ಅದರ ಜೊತೆಗೆ ಹಿಂದಿ, ಸಂಸ್ಕೃತ, ಫ್ರೆಂಚ್ ಈ ಮೂರರಲ್ಲಿ ಒಂದನ್ನು ಆರಿಸಬೇಕಿತ್ತು.

“ನೀವು ನಾಲ್ಕು ಊರು ಕಂಡವರು, ಹೇಳಿ ಸಾರ್, ಯಾವುದಕ್ಕೆ ಹಾಕೋಣ? ಮಾರ್ಕ್ಸ್ ಯಾವುದರಲ್ಲಿ ಜಾಸ್ತಿ ಬರುತ್ತೆ?” ಎಂದು ಆಕೆ ಕೇಳಿದರು.

ಅರ್ಧ ಗಂಟೆ ಮಾತನಾಡಿದೆವು. ಕನ್ನಡವೆಂಬ ಹೆಸರು ಆ ಹಾಳೆಯಲ್ಲಿ ಇರಲಿಲ್ಲ. ಆಕೆಯ ಮಾತಿನಲ್ಲಿಯೂ ಬರಲಿಲ್ಲ. ನಾವು ಮಾತನಾಡಿದ್ದು ಮಾತ್ರ ಪೂರ್ತಿಯಾಗಿ ಕನ್ನಡದಲ್ಲಿ.

ಆಕೆಯನ್ನು ದೂರುವ ಅಧಿಕಾರ ನನಗಿಲ್ಲ. 2007ರಲ್ಲಿ ಇಂಥದೇ ಒಂದು ಹಾಳೆಗೆ ನಾನೂ ಸಹಿ ಹಾಕಿದವನು. ನಾಗಪುರದಿಂದ ಇಲ್ಲಿಗೆ ವರ್ಗವಾಗಿ ಬಂದು ಒಂದು ವರ್ಷವಾಗಿತ್ತು. ಮಗಳು ಆರನೆಯ ತರಗತಿಗೆ ಬಂದಳು. ಅವಳ ಶಾಲೆಯಲ್ಲಿ ಆಗ ಎರಡನೆಯ ಭಾಷೆ ಹಿಂದಿ, ಮೂರನೆಯದಕ್ಕೆ ತಮಿಳು, ಸಂಸ್ಕೃತ, ಫ್ರೆಂಚ್. ಸಂಸ್ಕೃತದಲ್ಲಿ ನೂರಕ್ಕೆ ತೊಂಬತ್ತೈದು ಖಚಿತವೆಂದು ಕಚೇರಿಯ ಮಿತ್ರರೆಲ್ಲ ಹೇಳಿದರು. ನಾನು ಹೆಚ್ಚು ವಿಚಾರ ಮಾಡದೆ ಸಂಸ್ಕೃತಕ್ಕೆ ಗುರುತು ಹಾಕಿದೆ. ತೊಂಬತ್ತೈದು ಬಂದೂ ಬಂದವು. ಮಗಳು ಮೂರು ವರ್ಷ ಶಬ್ದರೂಪಗಳನ್ನು ಉರು ಹೊಡೆದು, ಒಂಬತ್ತನೆಯ ತರಗತಿಯಲ್ಲಿ ಆ ಪುಸ್ತಕವನ್ನು ಮುಚ್ಚಿಟ್ಟಳು. ಸಂಸ್ಕೃತದ ಮೇಲೆ ನನಗೆ ಅಗೌರವವಿಲ್ಲ. ಅದನ್ನು ಪ್ರೀತಿಯಿಂದ ಓದುವವರು ಧಾರಾಳವಾಗಿ ಓದಲಿ. ನಾವು ಆರಿಸಿದ್ದು ಸಂಸ್ಕೃತವನ್ನಲ್ಲ, ಅಂಕಗಳನ್ನು ಎಂಬುದಷ್ಟೇ ನನ್ನ ಮಾತು.

ಆ ಆಯ್ಕೆಯ ಬೆಲೆ ತಿಳಿದದ್ದು ಹದಿನೈದು ವರ್ಷಗಳ ನಂತರ. 2021ರಲ್ಲಿ ನಮ್ಮ ತಾಯಿಯವರು ತೀರಿಕೊಂಡರು. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿರುವ ಅಡಿಕೆ ತೋಟದ ಒಂದು ತುಂಡನ್ನು ಅವರು ಉಯಿಲಿನಲ್ಲಿ ಮೊಮ್ಮಗಳ ಹೆಸರಿಗೆ ಬರೆದಿದ್ದರು. ಮರುವರ್ಷ ಖಾತೆ ಬದಲಾವಣೆಗಾಗಿ ಅಪ್ಪ ಮಗಳು ನಾಡಕಚೇರಿಗೆ ಹೋದೆವು. ಗುಮಾಸ್ತರು ಸಜ್ಜನರು. “ಓದಿ ನೋಡಿ ಸಹಿ ಮಾಡಮ್ಮ” ಎಂದು ಕಾಗದಗಳನ್ನು ಅವಳ ಮುಂದಿಟ್ಟರು. ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದವಳು ಕಾಗದ ನೋಡಿದಳು, ನನ್ನ ಮುಖ ನೋಡಿದಳು. ಗುಮಾಸ್ತರು ಅರ್ಥ ಮಾಡಿಕೊಂಡು, ಏನೂ ಅನ್ನದೆ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದರು. ನಮ್ಮ ಅಜ್ಜಿಯ ಕಾಲದಲ್ಲಿ ಹೆಬ್ಬೆಟ್ಟು ಒತ್ತುವವರಿಗೆ ಶಾನುಭೋಗರು ಓದಿ ಹೇಳುತ್ತಿದ್ದ ರೀತಿಯಲ್ಲಿಯೇ ಓದಿದರು. ಮಗಳು ಇಂಗ್ಲಿಷಿನಲ್ಲಿ ಸಹಿ ಮಾಡಿದಳು. ಹಿಂದಿರುಗುವಾಗ ಬಹಳ ಹೊತ್ತಿನ ಮೇಲೆ ಕೇಳಿದಳು: “ಅಪ್ಪಾ, ಅದರಲ್ಲಿ ನನ್ನ ಹೆಸರು ಯಾವ ಸಾಲಿನಲ್ಲಿತ್ತು?”

ಅವಳು ಮನೆಯಲ್ಲಿ ಸೊಗಸಾಗಿ ಕನ್ನಡ ಮಾತನಾಡುತ್ತಾಳೆ, ಬೀದಿಯಲ್ಲಿ ನನಗಿಂತ ಚೆನ್ನಾಗಿ ತಮಿಳು ಮಾತನಾಡುತ್ತಾಳೆ. ಆದರೆ ಚೆನ್ನೈಯ ಬಸ್ಸಿನ ಹಲಗೆಯನ್ನಾಗಲೀ ಸಾಗರದ ಪಹಣಿಯನ್ನಾಗಲೀ ಓದಲಾರಳು. ತಾಯ್ನುಡಿ, ನೆಲದ ನುಡಿ ಎರಡರಲ್ಲಿಯೂ ಅವಳನ್ನು ನಿರಕ್ಷರಿಯಾಗಿ ಉಳಿಸಿದ್ದು ಯಾವ ಸರಕಾರವೂ ಅಲ್ಲ. ಆ ಹಾಳೆಯ ಮೇಲೆ ಇರುವುದು ನನ್ನ ಸಹಿ. ಈ ಲೇಖನ ಬರೆಯಲು ಕಾರಣವೂ ಅದೇ.

ಈಗ ಕಾನೂನಿನ ಸ್ಥಿತಿಯನ್ನು ಸ್ವಲ್ಪ ನೋಡೋಣ. ನಮ್ಮ ಸಂವಿಧಾನದ 350ಎ ವಿಧಿಯನ್ನು 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಪಡೆಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. “ಪ್ರಾಥಮಿಕ ಹಂತದಲ್ಲಿ” ಎಂಬ ಪದಗಳನ್ನು ಗಮನಿಸಬೇಕು. ಆ ಹಂತ ದಾಟಿ ಮಗು ಮುಂದೆ ಹೆಜ್ಜೆಯಿಟ್ಟ ಕೂಡಲೆ ಈ ವಿಧಿಯ ಆಸರೆ ತೆಳುವಾಗುತ್ತ ಹೋಗುತ್ತದೆ. ಮುಂದಿನದು ರಾಜ್ಯದ ನೀತಿ, ಶಾಲೆಯ ಅನುಕೂಲ, ಮತ್ತು ತಂದೆತಾಯಿಗಳ ಇಚ್ಛೆ.

ರಾಜ್ಯದ ನೀತಿಯ ಚರಿತ್ರೆ ನಮಗೆ ತಿಳಿದದ್ದೇ. 1968ರ ಜನವರಿಯಲ್ಲಿ ಅಣ್ಣಾದುರೈಯವರ ಸರಕಾರ ತ್ರಿಭಾಷಾ ಸೂತ್ರವನ್ನು ತಳ್ಳಿ ದ್ವಿಭಾಷಾ ನೀತಿಯನ್ನು ಅಂಗೀಕರಿಸಿತು. ಅಂದಿನಿಂದ ಯಾವ ಪಕ್ಷ ಬಂದರೂ ಆ ನೀತಿ ಕದಲಲಿಲ್ಲ. 2025ರ ಆಗಸ್ಟಿನಲ್ಲಿ ಪ್ರಕಟವಾದ ರಾಜ್ಯ ಶಿಕ್ಷಣ ನೀತಿಯೂ ಅದನ್ನೇ ಎತ್ತಿ ಹಿಡಿದಿದೆ. 2006ರ ತಮಿಳು ಕಲಿಕೆ ಅಧಿನಿಯಮವು ಮೊದಲನೆಯ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಇತರ ವಿಷಯಗಳು ಎಂದು ವಿಂಗಡಿಸಿ, ತಮಿಳು ಅಥವಾ ಇಂಗ್ಲಿಷ್ ಮಾತೃಭಾಷೆಯಲ್ಲದ ಮಕ್ಕಳು ತಮ್ಮ ಭಾಷೆಯನ್ನು ನಾಲ್ಕನೆಯ ಭಾಗದಲ್ಲಿ ಐಚ್ಛಿಕವಾಗಿ ಓದಬಹುದೆಂದು ಹೇಳಿತು. ಒಂದನೆಯ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಏರಿದ ಈ ಕಾನೂನು ಹತ್ತನೆಯ ತರಗತಿಯನ್ನು ಮುಟ್ಟಿದಾಗ ಭಾಷಾ ಅಲ್ಪಸಂಖ್ಯಾತರ ಶಾಲೆಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಶಾಲೆಗಳ ಹತ್ತನೆಯ ತರಗತಿಯ ಮಕ್ಕಳಿಗೆ ತಮಿಳು ಪರೀಕ್ಷೆಯಿಂದ ಒಂದು ವರ್ಷದ ವಿನಾಯಿತಿಯನ್ನು ಮುಂದುವರಿಸಿತು. ಕೇಂದ್ರೀಯ ಮಂಡಳಿಯ ಪಠ್ಯಕ್ರಮವಿರುವ ಶಾಲೆಗಳಿಗೂ 2015-16ರಿಂದ ತಮಿಳು ಕಡ್ಡಾಯದ ಆದೇಶ ಹಂತ ಹಂತವಾಗಿ ವಿಸ್ತರಿಸಿತು.

ಈ ಕಾನೂನನ್ನು ನಮ್ಮ ಸಭೆಗಳಲ್ಲಿ ಹೇರಿಕೆಯೆಂದು ಹಳಿಯುವುದನ್ನು ಕೇಳಿದ್ದೇನೆ. ಇಲ್ಲಿ ನಾವು ಸ್ವಲ್ಪ ಆತ್ಮಶೋಧನೆ ಮಾಡಿಕೊಳ್ಳಬೇಕು. ಗೋಕಾಕ್ ವರದಿಯ ಜಾರಿಗಾಗಿ ಎಂಬತ್ತರ ದಶಕದ ಮೊದಲಲ್ಲಿ ನಡೆದ ಚಳವಳಿಯನ್ನು ಹೆಮ್ಮೆಯಿಂದ ನೆನೆಯುವವರು ನಾವು. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಯಾವ ಪಠ್ಯಕ್ರಮದ ಶಾಲೆಯಾದರೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂದಾಗ ಚಪ್ಪಾಳೆ ತಟ್ಟಿದವರೂ ನಾವೇ. ಬೆಂಗಳೂರಿನ ಹಲಸೂರಿನಲ್ಲಿರುವ ತಮಿಳು ಮಗು ಕನ್ನಡ ಕಲಿಯುವುದು ನ್ಯಾಯವಾದರೆ, ಕ್ರೋಂಪೇಟೆಯ ಕನ್ನಡ ಮಗು ತಮಿಳು ಕಲಿಯುವುದು ಅನ್ಯಾಯವಾಗಲಾರದು. ಅನ್ನ ಕೊಡುವ ನೆಲದ ಭಾಷೆಯನ್ನು ಓದಿ ಬರೆಯಬಲ್ಲವನೇ ಆ ನೆಲದಲ್ಲಿ ತಲೆಯೆತ್ತಿ ಬಾಳುತ್ತಾನೆ. ಆದ್ದರಿಂದ ತಮಿಳಿನ ವಿಷಯದಲ್ಲಿ ನನಗೆ ಯಾವ ತಕರಾರೂ ಇಲ್ಲ. ಕಾನೂನು ಇಲ್ಲದಿದ್ದರೂ ಅದನ್ನೇ ಆರಿಸಿ ಎನ್ನುತ್ತೇನೆ.

ಪ್ರಶ್ನೆ ಇರುವುದು ಉಳಿದ ಒಂದು ಸ್ಥಾನದ ಬಗ್ಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ಭಾಷೆಗಳಲ್ಲಿ ಎರಡಾದರೂ ಭಾರತೀಯವಾಗಿರಬೇಕೆಂದು ಹೇಳಿ, ಭಾಷೆ ಬದಲಿಸಲು ಬಯಸುವ ಮಕ್ಕಳು ಆರು ಅಥವಾ ಏಳನೆಯ ತರಗತಿಯಲ್ಲಿ ಬದಲಿಸಬಹುದೆಂದು ಅವಕಾಶ ಕೊಟ್ಟಿದೆ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರನೆಯ ಭಾಷೆಯನ್ನು ಆರನೆಯ ತರಗತಿಯಿಂದಲೇ ಆರಂಭಿಸುತ್ತದೆ. ಕೇಂದ್ರೀಯ ಮಂಡಳಿಯ ಹತ್ತನೆಯ ತರಗತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಉಂಟು. ದ್ವಿಭಾಷಾ ನೀತಿಯ ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿಯೂ ಮೇಲೆ ಹೇಳಿದ ನಾಲ್ಕನೆಯ ಭಾಗವುಂಟು. ಎಂದರೆ ಬಾಗಿಲು ಎರಡೂ ಕಡೆ ಕಾಗದದ ಮೇಲೆ ತೆರೆದೇ ಇದೆ. ತಟ್ಟುವವರು ಇಲ್ಲ.

ಹಿಂದಿ ಬೇಡವೇ ಎಂದು ಕೇಳುವಿರಿ. ಕೇಂದ್ರ ಸರಕಾರದ ನೌಕರನಾದ ನಾನು ಹಿಂದಿಗೆ ವಿರೋಧಿಯಾಗಿರಲು ಸಾಧ್ಯವಿಲ್ಲ. ಆದರೆ ನನ್ನ ಅನುಭವ ಹೇಳುತ್ತೇನೆ. ನಾನು ಹಿಂದಿ ಕಲಿತದ್ದು ನೌಕರಿಗೆ ಸೇರಿದ ಮೇಲೆ, ನಾಗಪುರದಲ್ಲಿ. ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಮೂರು ಪರೀಕ್ಷೆಗಳಿಗೆ ಸರಕಾರವೇ ಕಚೇರಿಯ ವೇಳೆಯಲ್ಲಿ ಪಾಠ ಹೇಳಿಸಿತು, ಪುಸ್ತಕ ಕೊಟ್ಟಿತು, ಪಾಸಾದವರಿಗೆ ಪುರಸ್ಕಾರವನ್ನೂ ಕೊಟ್ಟಿತು. ಹಿಂದಿಗೆ ಸಿನಿಮಾ ಇದೆ, ದೂರದರ್ಶನವಿದೆ, ರೈಲುಗಾಡಿಯಿದೆ. ಗಾಂಧೀಜಿಯವರು 1918ರಲ್ಲಿ ಈ ನಗರದಲ್ಲಿಯೇ ಆರಂಭಿಸಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳಿವೆ. ಫ್ರೆಂಚ್ ಬೇಕಾದವರಿಗೆ ಹಣ ಕೊಟ್ಟರೆ ಕಲಿಸುವ ಸಂಸ್ಥೆಗಳಿವೆ. ಚೆನ್ನೈಯಲ್ಲಿ ಬೆಳೆದ ಮಗುವಿಗೆ ಮೂವತ್ತನೆಯ ವಯಸ್ಸಿನಲ್ಲಿ ಕರೆದು ಕನ್ನಡ ಅಕ್ಷರ ಕಲಿಸುವವರು ಯಾರು? ಮುಂದೆ ಯಾರಾದರೂ ಕಲಿಸಿಯಾರು ಎನ್ನುವ ಭಾಷೆಗಳನ್ನು ಮುಂದಕ್ಕೆ ಬಿಡಬಹುದು. ಈಗ ಬಿಟ್ಟರೆ ಬಿಟ್ಟೇ ಹೋಗುವ ಭಾಷೆಯನ್ನು ಈಗಲೇ ಹಿಡಿಯಬೇಕು.

ಬಿಟ್ಟೇ ಹೋಗುತ್ತದೆಯೆ? ಮನೆಯಲ್ಲಿ ಮಾತನಾಡುತ್ತೇವಲ್ಲ, ಅಷ್ಟು ಸಾಲದೆ? ಈ ಪ್ರಶ್ನೆಗೆ ಉತ್ತರ ತಮಿಳುನಾಡಿನಲ್ಲಿಯೇ ಇದೆ. 2011ರ ಜನಗಣತಿಯ ಪ್ರಕಾರ ಈ ರಾಜ್ಯದಲ್ಲಿ ಕನ್ನಡ ಮಾತೃಭಾಷೆಯವರು ಶೇಕಡಾ 1.78, ಅಂದರೆ ಹನ್ನೆರಡು ಲಕ್ಷಕ್ಕೂ ಅಧಿಕ. ನೀಲಗಿರಿಯ ಬಡಗರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಕೊಯಮತ್ತೂರಿನ ಕಡೆಯ ದೇವಾಂಗ ನೇಕಾರರು, ತೇನಿ, ಕಂಬಂ ಕಣಿವೆಯ ಕಪ್ಪಿಲಿಯರು, ಇನ್ನೂ ಹಲವು ಸಮುದಾಯಗಳು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದಿವೆ. ಅವರ ನಿಷ್ಠೆಗೆ ತಲೆಬಾಗಬೇಕು. ಆದರೆ ಅವರಲ್ಲಿ ಬಹುಪಾಲು ಜನರಿಗೆ ಕನ್ನಡದ ಅಕ್ಷರ ತಿಳಿಯದು. ಮದುವೆಯ ಕರೆಯೋಲೆಯೂ ತಮಿಳಿನಲ್ಲಿಯೇ ಅಚ್ಚಾಗುತ್ತದೆ. ಮಾತು ಉಳಿದರೂ ಪಂಪನಿಂದ ಬೇಂದ್ರೆಯವರವರೆಗಿನ ಸಾವಿರ ವರ್ಷಗಳ ಸಾಹಿತ್ಯಕ್ಕೂ ಅವರಿಗೂ ಸಂಬಂಧ ಉಳಿಯಲಿಲ್ಲ. ಇತ್ತ ಹೊಸೂರು, ತಾಳವಾಡಿಗಳಲ್ಲಿ ಕನ್ನಡ ಶಾಲೆಗಳಿದ್ದ ಕಾರಣ ಅಲ್ಲಿ ಓದುವ ಕನ್ನಡಿಗರು ಉಳಿದಿದ್ದಾರೆ. ವ್ಯತ್ಯಾಸ ಮಾಡಿದ್ದು ಶಾಲೆ. ಅವರು ಗಡಿಯಲ್ಲಿ ಒಟ್ಟಾಗಿದ್ದಾರೆ, ನಾವು ಮಹಾನಗರದಲ್ಲಿ ಚೆದುರಿದ್ದೇವೆ. ನಮ್ಮ ಕಷ್ಟದ ಮೂಲವೂ ಅಲ್ಲಿದೆ.

ಚೆದುರಿದವರಿಗೆ ಸಂಖ್ಯೆಯೇ ಶತ್ರು. 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಪ್ರಾಥಮಿಕ ಹಂತದಲ್ಲಿ ಇಡೀ ಶಾಲೆಗೆ 40 ಅಥವಾ ಒಂದು ತರಗತಿಗೆ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿತು. ಆ ಬಳಿಕ ಪ್ರೌಢ ಹಂತಕ್ಕೆ ತರಗತಿಯೊಂದಕ್ಕೆ 15 ಎಂಬ ಪ್ರಮಾಣ ಬಂತು. ಶಾಲಾ ವರ್ಷ ಆರಂಭವಾಗುವ ಮೊದಲೇ ಭಾಷಾ ಅಲ್ಪಸಂಖ್ಯಾತ ಮಕ್ಕಳ ಭಾಷಾ ಇಚ್ಛೆಯನ್ನು ಮುಂಗಡವಾಗಿ ನೋಂದಾಯಿಸಬೇಕು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಶಾಲೆ ಶಾಲೆಗಳ ನಡುವೆ ಹೊಂದಾಣಿಕೆ ಮಾಡಬೇಕು ಎಂಬುದೂ ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿದ ರಕ್ಷಣಾ ಕ್ರಮಗಳಲ್ಲಿ ಸೇರಿದೆ. ಇದನ್ನು ನೋಡಿಕೊಳ್ಳಲು 350ಬಿ ವಿಧಿಯ ಪ್ರಕಾರ ರಾಷ್ಟ್ರಪತಿಗಳು ನೇಮಿಸುವ ಆಯುಕ್ತರಿದ್ದಾರೆ. ಕಾಗದದ ಮೇಲೆ ಎಷ್ಟು ಅಚ್ಚುಕಟ್ಟು! ಆದರೆ ಪಲ್ಲಾವರದಿಂದ ತಾಂಬರದವರೆಗೆ ಆರನೆಯ ತರಗತಿಗೆ ಬರುವ ಕನ್ನಡ ಮಕ್ಕಳು ಎಷ್ಟು ಮಂದಿ, ಯಾವ ಯಾವ ಶಾಲೆಯಲ್ಲಿದ್ದಾರೆ? ಈ ಪ್ರಶ್ನೆಗೆ ಉತ್ತರ ಇಲಾಖೆಯನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು. ನಾವು ಅಂಥ ಪಟ್ಟಿಯನ್ನು ಎಂದೂ ಮಾಡಿಲ್ಲ.

ಹೊರನಾಡಿನ ನಮ್ಮ ಸಂಘಗಳ ಮೇಲೆ ನನಗಿರುವ ಒಂದೇ ಆಕ್ಷೇಪಣೆ ಇದು. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ವಾದ್ಯಗೋಷ್ಠಿಯನ್ನು ಕರೆಸಲು ಚಂದಾ ಎತ್ತುತ್ತೇವೆ. ಅತಿಥಿಗಳಿಗೆ ಮೈಸೂರು ಪೇಟ ತೊಡಿಸುತ್ತೇವೆ. ವೇದಿಕೆಯ ಮೇಲೆ ಪುಟ್ಟ ಮಕ್ಕಳು ನಾಡಗೀತೆ ಹಾಡುವಾಗ ಹೆಮ್ಮೆಯಿಂದ ಕಣ್ಣೊರೆಸಿಕೊಳ್ಳುತ್ತೇವೆ. ಆ ಮಕ್ಕಳ ಕೈಯಲ್ಲಿರುವ ಚೀಟಿಯನ್ನು ಯಾರಾದರೂ ಇಣುಕಿ ನೋಡಿದ್ದೀರಾ? ನಾನು ನೋಡಿದ್ದೇನೆ. ನಾಡಗೀತೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿರುತ್ತಾರೆ. ಇದು ಮಕ್ಕಳ ತಪ್ಪಲ್ಲ.

ಮೂರು ಕೆಲಸಗಳನ್ನು ಸೂಚಿಸುತ್ತೇನೆ. ದೊಡ್ಡ ಹಣ ಬೇಡುವವಲ್ಲ.

ಮೊದಲನೆಯದು ಪಟ್ಟಿ. ಪ್ರತಿ ವರ್ಷ ಜನವರಿಯೊಳಗೆ, ಐದನೆಯ ತರಗತಿಯಲ್ಲಿರುವ ಕನ್ನಡ ಮಕ್ಕಳ ಹೆಸರು, ಶಾಲೆ, ಪಠ್ಯಕ್ರಮ ಇವನ್ನು ಸಂಘವು ಬಡಾವಣೆವಾರು ಬರೆದಿಟ್ಟುಕೊಳ್ಳಬೇಕು. ಯಾವುದಾದರೂ ಒಂದು ಶಾಲೆಯಲ್ಲಿ ಹತ್ತು ಹದಿನೈದು ಮಕ್ಕಳು ಸಿಕ್ಕಿದರೆ ಅವರ ತಂದೆತಾಯಿಗಳೆಲ್ಲ ಒಟ್ಟಾಗಿ ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಡಬೇಕು. ಒಬ್ಬನೇ ಹೋಗಿ ಕೇಳಿದರೆ “ಶಿಕ್ಷಕರಿಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ; ಹದಿನೈದು ಸಹಿಗಳಿಗೆ ಹಾಗೆ ಹೇಳುವುದು ಕಷ್ಟ. ಖಾಸಗಿ ಶಾಲೆ ಒಪ್ಪಲೇಬೇಕೆಂಬ ಭ್ರಮೆ ನನಗಿಲ್ಲ. ಆದರೆ ಕೇಳದೆ ಇದ್ದುದರಿಂದ ಏನಾಯಿತೆಂಬುದನ್ನು ಕಂಡಿದ್ದೇವೆ.

ಎರಡನೆಯದು ಪಾಠ. ಶಾಲೆ ಒಪ್ಪದ ಕಡೆ, ಅಂದರೆ ಬಹುತೇಕ ಕಡೆ, ಸಂಘವೇ ಶಾಲೆಯಾಗಬೇಕು. ತಮಿಳು ಕುಟುಂಬಗಳನ್ನು ನೋಡಿ ಕಲಿಯೋಣ. ರಾಜ್ಯದ ಶಾಲೆಗಳಲ್ಲಿ ಹಿಂದಿಯಿಲ್ಲದಿದ್ದರೂ, ಬೇಕೆನಿಸಿದವರು ಅರ್ಧ ಶತಮಾನದಿಂದ ಸಂಜೆ ಹೊತ್ತು ಮಕ್ಕಳನ್ನು ಹಿಂದಿ ಪಂಡಿತರ ಮನೆಗೆ ಕಳುಹಿಸಿ, ಸಭೆಯ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿಸುತ್ತಿದ್ದಾರೆ. ನಮಗೂ ಅಂಥ ಮೆಟ್ಟಿಲುಗಳಿವೆ. ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಆರನೆಯ ತರಗತಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿ, ಕರ್ನಾಟಕದಲ್ಲಿ ಕನ್ನಡೇತರ ಮಕ್ಕಳಿಗಾಗಿ ಸಿದ್ಧವಾದ ದ್ವಿತೀಯ, ತೃತೀಯ ಭಾಷೆಯ ಪಠ್ಯಗಳನ್ನು ಓದಿಸಿ, ಅಲ್ಲಿಂದ ಈ ಪರೀಕ್ಷೆಗಳ ಕಡೆಗೆ ನಡೆಸಬಹುದು. ಶನಿವಾರ ಸಂಜೆ ಎರಡು ಗಂಟೆ ಸಾಕು. ನಿವೃತ್ತರಾದ ಅಧ್ಯಾಪಕರು, ಬ್ಯಾಂಕು ನೌಕರರು ನಮ್ಮಲ್ಲಿ ಇದ್ದಾರೆ. ನನ್ನ ಮನೆಯ ಮುಂಗೋಣೆಯನ್ನು ಇದಕ್ಕಾಗಿ ಬಿಟ್ಟುಕೊಡಲು ನಾನು ಸಿದ್ಧನಿದ್ದೇನೆ.

ಮೂರನೆಯದು ತಿಳಿವಳಿಕೆ. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಕನ್ನಡ, ತುಳು, ಕೊಡವ ಮಾತೃಭಾಷೆಯ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಅವಕಾಶವಿದೆ. ಅವರು ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. 50 ಅಂಕಗಳ ಸರಳ ಪರೀಕ್ಷೆ. 12 ಬಂದರೆ ಸಾಕು. ಹನ್ನೆರಡನೆಯ ತರಗತಿಯ ಕೊನೆಯಲ್ಲಿ ಇದನ್ನು ಕೇಳಿ ತಿಳಿದು, ಮಗ್ಗಿಪುಸ್ತಕ ತರಿಸಿ, ಎರಡು ವಾರದಲ್ಲಿ ಅ ಆ ಇ ಈ ತಿದ್ದಿಸುವ ತಂದೆತಾಯಿಗಳನ್ನು ಕಂಡಿದ್ದೇನೆ. ಆರನೆಯ ತರಗತಿಯಲ್ಲಿಯೇ ಯಾರಾದರೂ ಹೇಳಿದ್ದರೆ ಆ ಗಾಬರಿ ಇರುತ್ತಿರಲಿಲ್ಲ.

ಮಕ್ಕಳಿಗೆ ಹೊರೆಯಾಗದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹನ್ನೊಂದು ವರ್ಷದ ಮಗು ಇಂಗ್ಲಿಷ್, ತಮಿಳು, ಮತ್ತೊಂದು ಭಾಷೆ, ಗಣಿತದ ಮನೆಪಾಠ ಎಲ್ಲವನ್ನೂ ಹೊತ್ತಿದೆ. ಆದರೆ ಕನ್ನಡ ಅದಕ್ಕೆ ಅನ್ಯಭಾಷೆಯಲ್ಲ. ಶಬ್ದ, ವಾಕ್ಯ, ಧ್ವನಿ ಎಲ್ಲವೂ ಆಗಲೇ ಅದರ ಕಿವಿಯಲ್ಲಿವೆ. ಬೇಕಾಗಿರುವುದು ಲಿಪಿ ಮಾತ್ರ. ತಮಿಳು ಕಲಿತ ಮಗುವಿಗೆ ಕನ್ನಡದ ವಿಭಕ್ತಿಯಾಗಲೀ ಕ್ರಿಯಾಪದವಾಗಲೀ ಹೊಸದೆನಿಸದು. ಅವು ಒಂದೇ ಮನೆಯ ಅಕ್ಕ ತಂಗಿಯರು. ಹೊರೆ ಇಳಿಸಲೇಬೇಕಾದರೆ ಅಂಕಕ್ಕಾಗಿ ಮಾತ್ರ ಆರಿಸಿದ್ದನ್ನು ಇಳಿಸೋಣ.

ನಮ್ಮ ಮಗು ಕರ್ನಾಟಕಕ್ಕೆ ಹಿಂದಿರುಗುವುದೇ ಇಲ್ಲ, ಅದಕ್ಕೇಕೆ ಕನ್ನಡ ಎನ್ನುವವರೂ ಇದ್ದಾರೆ. ಹಿಂದಿರುಗಲೇಬೇಕೆಂದು ನಾನು ಹೇಳುವುದಿಲ್ಲ. ನಾನೂ ನಿವೃತ್ತಿಯ ನಂತರ ಕ್ರೋಂಪೇಟೆಯಲ್ಲಿಯೇ ಇರುವವನು. ಮೂವತ್ತು ವರ್ಷಗಳ ಉಳಿತಾಯದ ಮನೆ ಇಲ್ಲಿದೆ. ಮದರಾಸು ಕನ್ನಡಕ್ಕೆ ಪರಕೀಯವಾದ ಊರೇನೂ ಅಲ್ಲ. ಮಾಸ್ತಿಯವರು ಸ್ನಾತಕೋತ್ತರ ಪದವಿ ಪಡೆದದ್ದು ಇಲ್ಲಿ. ಮರಿಯಪ್ಪ ಭಟ್ಟರು ಕಿಟ್ಟೆಲರ ನಿಘಂಟನ್ನು ಪರಿಷ್ಕರಿಸಿ ಹೊರತಂದದ್ದು ಮದರಾಸು ವಿಶ್ವವಿದ್ಯಾನಿಲಯದಿಂದ. ಇಲ್ಲಿದ್ದುಕೊಂಡೇ ಕನ್ನಡ ಓದಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನೌಕರಿಯನ್ನಾಗಲೀ ಅಂಕವನ್ನಾಗಲೀ ಕನ್ನಡದ ಹೆಸರಿನಲ್ಲಿ ನಾನು ಯಾರಿಗೂ ವಾಗ್ದಾನ ಮಾಡಲಾರೆ. ತನ್ನ ಹೆಸರಿರುವ ಸಾಲನ್ನು ಮಗು ತಾನೇ ಗುರುತಿಸಲಿ ಎಂಬಷ್ಟೇ ನನ್ನ ಆಸೆ.

ಕೆಳಗಿನ ಮನೆಯವರ ಕಥೆಗೆ ಬರೋಣ. ಆ ಹಾಳೆಯಲ್ಲಿ ಅವರು ಕೊನೆಗೆ ಹಿಂದಿಗೆ ಗುರುತು ಹಾಕಿದರು. ಕನ್ನಡವೇ ಇಲ್ಲದ ಪಟ್ಟಿಯಲ್ಲಿ ಬೇರೆ ದಾರಿಯಿರಲಿಲ್ಲ. ಆದರೆ ಜೂನ್ ತಿಂಗಳಿನಿಂದ ಅವರ ಮಗ ಶನಿವಾರ ಸಂಜೆ ನಮ್ಮ ಮನೆಗೆ ಬರುತ್ತಿದ್ದಾನೆ. ಜೊತೆಗೆ ಇನ್ನಿಬ್ಬರು ಬರುತ್ತಾರೆ. ಒತ್ತಕ್ಷರದಲ್ಲಿ ಎಡವುತ್ತಾನೆ, “ಳ”ಕಾರಕ್ಕೆ “ಲ”ಕಾರ ಬರೆಯುತ್ತಾನೆ. ಹೋದ ವಾರ ಊರಿನಿಂದ ಅವನ ಅಜ್ಜ ಕಳುಹಿಸಿದ ಹಪ್ಪಳದ ಪೊಟ್ಟಣಕ್ಕೆ ಸುತ್ತಿದ್ದ ಹಳೆಯ ಪತ್ರಿಕೆಯನ್ನು ಬಿಡಿಸಿ ತಂದು, ಒಂದು ತಲೆಬರಹವನ್ನು ಕೂಡಿಸಿ ಕೂಡಿಸಿ ಪೂರ್ತಿ ಓದಿದ.

ನನ್ನ ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹೊರರಾಜ್ಯಗಳಿಂದ ಬಂದ ನೌಕರರಿಗಾಗಿ ಅವಳ ಕಚೇರಿಯಲ್ಲಿ ವಾರಕ್ಕೊಮ್ಮೆ ಕನ್ನಡ ಪಾಠ ನಡೆಯುತ್ತದೆ. ಬಿಹಾರದವರು, ಬಂಗಾಳದವರ ನಡುವೆ ನಮ್ಮ ಹುಡುಗಿಯೂ ಹಿಂದಿನ ಬೆಂಚಿನಲ್ಲಿ ಕುಳಿತು ಕಾಗುಣಿತ ಬರೆಯುತ್ತಾಳೆ. ಕನ್ನಡದವಳೆಂದು ಅಲ್ಲಿ ಯಾರಿಗೂ ಹೇಳಿಲ್ಲವಂತೆ.

ಬರುವ ಮಾರ್ಚ್‌ನಲ್ಲಿ ಆ ಹಾಳೆ ಯಾರ ಮನೆಗೆ ಬರಲಿದೆಯೋ ಅವರು ಸಹಿ ಹಾಕುವ ಮೊದಲು ಒಂದು ಸಂಜೆ ನಮ್ಮಲ್ಲಿಗೆ ಬರಲಿ ಎಂದು ಕೋರುತ್ತೇನೆ.